ಒಪಿಡಿಯಲ್ಲಿ ಖಿನ್ನತೆಯ ತಪಾಸಣೆ: ಒಂಬತ್ತು ಪ್ರಶ್ನೆ ಕೇಳುವ ಬಗೆ

ಮಾನಸಿಕ ಆರೋಗ್ಯದ ಒಪಿಡಿಗೆ (ಹೊರರೋಗಿ ವಿಭಾಗಕ್ಕೆ) ಬಂದವರನ್ನೆಲ್ಲ ಮತ್ತೆ ಖಿನ್ನತೆಗೆ ಯಾಕೆ ತಪಾಸಣೆ ಮಾಡಬೇಕು? ಮೊದಲು ನನಗೂ ಹೀಗೇ ಅನಿಸಿತ್ತು. ಆದರೆ ಕುಡಿತ ಬಿಡಲು ಬಂದವರಲ್ಲಿ, ಗಾಬರಿಗೆ ಮಾತ್ರೆ ತಗೊಳ್ಳುವವರಲ್ಲಿ ಖಿನ್ನತೆಯೂ ಇರಬಹುದು. ಕೇಳದಿದ್ದರೆ ಅದು ಸುಮ್ನೆ ಒಳಗೇ ಉಳಿದುಬಿಡುತ್ತದೆ.

ಹೆಚ್ಚು ಬಳಸುವುದು 2001ರಲ್ಲಿ ಪ್ರಕಟವಾದ ಪಿಎಚ್‌ಕ್ಯೂ-9 ಅನ್ನುವ ಪ್ರಶ್ನೆಗಳ ಹಾಳೆ. ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ರಿಂದ 3 ಅಂಕ, ಒಟ್ಟು 27. 10 ಅಥವಾ ಜಾಸ್ತಿ ಬಂದರೆ ಕೂತು ವಿವರವಾಗಿ ಮಾತಾಡಬೇಕು. ಅಂಕ ನೋಡಿ ಕಾಯಿಲೆಯ ಹೆಸರು ಬರೆಯುವ ಹಾಗಿಲ್ಲ. ಥೈರಾಯ್ಡ್ ತೊಂದರೆ, ರಕ್ತ ಕಡಿಮೆ ಇರುವುದು, ಇವುಗಳಿಂದಲೂ ಸುಸ್ತಾಗುತ್ತದೆ. ಹಿಂದೆ ಉನ್ಮಾದ (ಮನಸ್ಸು ಅತಿಯಾಗಿ ಉಬ್ಬಿ ಹತೋಟಿ ತಪ್ಪುವ ಸ್ಥಿತಿ) ಬಂದಿತ್ತಾ ಅಂತ ಕೇಳದೆ ಖಿನ್ನತೆಯ ಮಾತ್ರೆ ಶುರುಮಾಡುವುದೂ ಅಪಾಯ.

ಕಷ್ಟ ಇರುವುದು ಕೇಳುವುದರಲ್ಲಿ. ತೀರ್ಥಹಳ್ಳಿ ಕಡೆಯ ಅಮ್ಮ ಒಬ್ಬರು ಅಡಿಕೆ ಕೊಯ್ಲಿನ ಸಮಯದಲ್ಲಿ ಬಂದಿದ್ದಾರೆ ಅಂದುಕೊಳ್ಳಿ. "ನಿದ್ದೆ ಸರಿಯಾಗಿ ಆಗ್ತಿದೆಯಾ?" "ಎಲ್ಲಿ ನಿದ್ದೆ!" ಕೂಡಲೇ 3 ಅಂಕ ಹಾಕಬೇಡಿ. "ಮಲಗಿದರೂ ನಿದ್ದೆ ಬರಲ್ವಾ, ಮಲಗೋಕೇ ಪುರುಸೊತ್ತಿಲ್ವಾ?" ಅಂತ ಕೇಳಿ. ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದು ಮಲಗಿದ ಕೂಡಲೇ ನಿದ್ದೆ ಹೋಗುವವರ ಲೆಕ್ಕ ಬೇರೆ. ಕೆಲಸ ಮುಗಿಸಿ ಮಲಗಿದರೂ ಮೂರು ಗಂಟೆಗೇ ಎಚ್ಚರಾಗಿ ಸೂರು ನೋಡುತ್ತಾ ಇರುವವರದೇ ಬೇರೆ. "ಆಸಕ್ತಿ ಕುಂದಿದೆಯೇ" ಅಂತ ಓದುವುದಕ್ಕಿಂತ "ಯಾವುದರಲ್ಲೂ ಮನಸ್ಸಿಲ್ಲ ಅನಿಸುತ್ತಾ" ಅಂದರೆ ಬೇಗ ಅರ್ಥವಾಗುತ್ತದೆ ಅಲ್ವಾ? ಓದಲು ಬಾರದವರಿಗೆ ನಾವೇ ನಿಧಾನವಾಗಿ ಓದಿ ಹೇಳಬೇಕು.

ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಕೇಳಿ. ಗಂಡನೋ ಅತ್ತೆಯೋ ಪಕ್ಕದಲ್ಲಿದ್ದರೆ ಹೆಚ್ಚಿನವರು "ಇಲ್ಲ" ಅನ್ನುತ್ತಾರೆ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೆದರಬೇಡಿ. ಇಲ್ಲಿ 1 ಅಂಕ ಬಂದರೂ ಒಟ್ಟು ಎಷ್ಟೇ ಇರಲಿ, ಅದೇ ದಿನ ಡಾಕ್ಟರು ಮಾತಾಡಿಸಲೇಬೇಕು. ತೋಟಕ್ಕೆ ಹೊಡೆಯುವ ವಿಷದ ಔಷಧಿಯನ್ನು ಬೀಗ ಹಾಕಿಡಲು ಮನೆಯವರಿಗೆ ಹೇಳಬೇಕು.

ಆದ್ದರಿಂದ ಹಾಳೆ ತುಂಬುವ ಕೆಲಸ ಚೀಟಿ ಮಾಡಿಸುವಾಗಲೇ ಮುಗಿಯಲಿ. ಕೊನೆಗೆ ಇಟ್ಟುಕೊಂಡರೆ ಹೊಸನಗರದ ಬಸ್ಸಿಗೆ ಹೊರಟವರನ್ನು ನಿಲ್ಲಿಸುವುದು ಕಷ್ಟ. ಹೊರಡುವ ಮುಂಚೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಚೀಟಿಯ ಹಿಂದೆ ದಪ್ಪಕ್ಷರದಲ್ಲಿ ಬರೆದುಕೊಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.