ಅಬ್ದುಲ್ ಹಮೀದ್ ಹೆಸರಿನ ಜೊತೆ ‘ಕ್ವಾರ್ಟರ್‌ಮಾಸ್ಟರ್’ ಯಾಕಿದೆ?

ಪ್ರಶ್ನೆ: 1965ರ ಯುದ್ಧದಲ್ಲಿ ಟ್ಯಾಂಕ್ ಒಡೆದ ಅಬ್ದುಲ್ ಹಮೀದ್ ಅವರನ್ನು ‘ಕಂಪನಿ ಕ್ವಾರ್ಟರ್‌ಮಾಸ್ಟರ್ ಹವಿಲ್ದಾರ್’ ಎಂದು ಬರೆಯುತ್ತಾರೆ. ಕ್ವಾರ್ಟರ್‌ಮಾಸ್ಟರ್ ಅಂದರೆ ಸ್ಟೋರ್ ನೋಡಿಕೊಳ್ಳುವವರು ಅಲ್ವಾ? ಅವರಿಗೆ ಪರಮವೀರ ಚಕ್ರ ಬಂದದ್ದು ಹೇಗೆ?

ಉತ್ತರ: ಸ್ಟೋರ್ ಅನ್ನುವುದು ತಪ್ಪೇನಲ್ಲ, ಆದರೆ ಆ ಮಾತು ಕೆಲಸವನ್ನು ಸ್ವಲ್ಪ ಸಣ್ಣದು ಮಾಡಿಬಿಡುತ್ತದೆ.

ಸೇನೆಯಲ್ಲಿ ಕಂಪನಿ ಅಂದರೆ ಬೆಟಾಲಿಯನ್ ಎಂಬ ದೊಡ್ಡ ಪಡೆಯ ಒಂದು ತುಕಡಿ. ಒಂದು ರೈಫಲ್ ಕಂಪನಿಯಲ್ಲಿ ನೂರಕ್ಕೂ ಜಾಸ್ತಿ ಜನ ಇರುತ್ತಾರೆ. ಅವರಲ್ಲಿ ಶಿಸ್ತು, ಡ್ಯೂಟಿ ನೋಡುವವರು ಕಂಪನಿ ಹವಿಲ್ದಾರ್ ಮೇಜರ್. ರೇಶನ್, ಬೂಟು, ಕಂಬಳಿ, ಟೆಂಟು, ಗುಂಡು ನೋಡುವವರು ಕ್ವಾರ್ಟರ್‌ಮಾಸ್ಟರ್ ಹವಿಲ್ದಾರ್. ಬೆಟಾಲಿಯನ್ ಸ್ಟೋರಿನಿಂದ ಸಹಿ ಹಾಕಿ ಸಾಮಾನು ತರಬೇಕು, ಹಂಚಬೇಕು, ವಾಪಸ್ ಪಡೆಯಬೇಕು, ಲೆಕ್ಕ ಕೂಡಿಸಬೇಕು. ಯುದ್ಧ ಶುರುವಾದರೆ ಇದೇ ಕೆಲಸ ರಾತ್ರಿ ಕತ್ತಲಲ್ಲಿ ನಡೆಯುತ್ತದೆ. ದೀಪ ಹಚ್ಚದೆ ಊಟ, ನೀರು, ಗುಂಡನ್ನು ಮುಂದಿನ ಸಾಲಿಗೆ ಮುಟ್ಟಿಸಬೇಕು. ಎಲ್ಲ ಹೊತ್ತಿಗೆ ಸರಿಯಾಗಿ ಬಂದರೆ ಯಾರೂ ನೆನೆಯುವುದಿಲ್ಲ. ಒಂದು ಹೊತ್ತಿನ ಊಟ ತಡವಾಗಲಿ, ಎಲ್ಲರ ಬಾಯಲ್ಲೂ ಅವರದೇ ಹೆಸರು!

ಕಾಲಾಳು ಪಡೆಯಲ್ಲಿ ಈ ಹವಿಲ್ದಾರ್ ಬೇರೆ ಎಲ್ಲಿಂದಲೋ ಬಂದ ಗುಮಾಸ್ತರಲ್ಲ. ಬಂದೂಕು ಹಿಡಿದು ಮೇಲೆ ಬಂದವರೇ. ಹಮೀದ್ 1954ರಲ್ಲಿ ಸೇನೆ ಸೇರಿದರು. ಅವರದು 4ನೇ ಗ್ರೆನೇಡಿಯರ್ಸ್ ಎಂಬ ಕಾಲಾಳು ಬೆಟಾಲಿಯನ್. 106 ಮಿ.ಮೀ. ರಿಕಾಯಿಲ್‌ಲೆಸ್ ಗನ್ ಹಾರಿಸುವುದರಲ್ಲಿ ಅವರ ಕೈ ಪಳಗಿತ್ತು. ಹಾಗಾಗಿ ಯುದ್ಧದ ಹೊತ್ತಿಗೆ ಹುದ್ದೆ ಕ್ವಾರ್ಟರ್‌ಮಾಸ್ಟರ್ ಹವಿಲ್ದಾರ್‌ದೇ ಆದರೂ ಗನ್ ತಂಡವೊಂದರ ನಾಯಕತ್ವ ಅವರ ಕೈಯಲ್ಲಿತ್ತು. ನಿಮ್ಮ ಪ್ರಶ್ನೆಯ ಗಂಟು ಇಲ್ಲೇ ಬಿಚ್ಚಿಕೊಳ್ಳುತ್ತದೆ.

ಆ ಗನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಮಾಮೂಲಿ ತೋಪು ಹಾರಿಸಿದರೆ ಹಿಂದಕ್ಕೆ ಒದೆಯುತ್ತದೆ. ಇದರಲ್ಲಿ ಸಿಡಿಮದ್ದಿನ ಅನಿಲ ಹಿಂದಿನ ಬಾಯಿಂದ ಹೊರಗೆ ನುಗ್ಗುವುದರಿಂದ ಒದೆತ ಇಲ್ಲ. ಅದಕ್ಕೇ ಜೀಪಿನ ಮೇಲೂ ಕೂರಿಸಬಹುದು. ಆದರೆ ಹಿಂದೆ ಎದ್ದ ಬೆಂಕಿ, ಧೂಳು ‘ನಾನಿಲ್ಲಿದ್ದೇನೆ’ ಎಂದು ಶತ್ರುವಿಗೆ ಕೂಗಿ ಹೇಳುತ್ತದೆ. ಜೀಪಿಗೋ ಉಕ್ಕಿನ ಕವಚವೇ ಇಲ್ಲ. ಒಂದು ಸಲ ಹಾರಿಸಿದ ಮೇಲೆ ಆ ಜಾಗದಲ್ಲಿ ನಿಂತರೆ ಮುಗೀತು.

1965ರ ಸೆಪ್ಟೆಂಬರ್ 10ರ ಬೆಳಿಗ್ಗೆ ಪಂಜಾಬಿನ ಖೇಮಕರಣ್ ವಲಯದಲ್ಲಿ, ಚೀಮಾ ಹಳ್ಳಿಯ ಹತ್ತಿರ, ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಮುಂದಿನ ಸಾಲು ದಾಟಿ ಒಳಗೆ ಬಂದವು. ಹಮೀದ್ ಜೀಪನ್ನು ಪಕ್ಕಕ್ಕೆ ಸರಿಸಿಕೊಂಡು ಎಲ್ಲಕ್ಕಿಂತ ಮುಂದಿದ್ದ ಟ್ಯಾಂಕನ್ನು ಹೊಡೆದರು. ತಕ್ಷಣ ಜಾಗ ಬದಲಿಸಿ ಇನ್ನೊಂದಕ್ಕೆ ಬೆಂಕಿ ಹಚ್ಚಿದರು. ಅಷ್ಟರಲ್ಲಿ ಶತ್ರುಗಳ ಕಣ್ಣಿಗೆ ಬಿದ್ದಿದ್ದರು. ಮತ್ತೊಂದಕ್ಕೆ ಗುಂಡು ಹಾರಿಸುತ್ತಿರುವಾಗಲೇ ಶೆಲ್ ಬಡಿದು ಪ್ರಾಣ ಬಿಟ್ಟರು. ಆಗ ಅವರಿಗೆ 32 ವರ್ಷ. 1966ರ ಗಣರಾಜ್ಯೋತ್ಸವದಂದು ಅವರ ಪತ್ನಿ ರಸೂಲನ್ ಬೀಬಿ ರಾಷ್ಟ್ರಪತಿ ರಾಧಾಕೃಷ್ಣನ್ ಅವರಿಂದ ಪದಕ ಪಡೆದರು.

ಹಾಗಾದರೆ ಬರೀ ಕ್ವಾರ್ಟರ್‌ಮಾಸ್ಟರ್ ಕೆಲಸಕ್ಕೆ ಗೌರವ ಸಿಗುವುದೇ ಇಲ್ವಾ? ಸಿಗುತ್ತದೆ, ಆದರೆ ಬೇರೆ ಸಾಲಿನಲ್ಲಿ. ಪರಮವೀರ ಚಕ್ರ ಶತ್ರುವಿನ ಎದುರು ತೋರಿದ ಶೌರ್ಯಕ್ಕೆ. ಅಚ್ಚುಕಟ್ಟಾದ ಸೇವೆಗೆ 1960ರಲ್ಲಿ ಶುರುವಾದ ವಿಶಿಷ್ಟ ಸೇವಾ ಪದಕಗಳಿವೆ, ಸೇನಾ ಮುಖ್ಯಸ್ಥರ ಕಮೆಂಡೇಶನ್ ಕಾರ್ಡ್ (ಮೆಚ್ಚುಗೆ ಪತ್ರ) ಇದೆ, ಹವಿಲ್ದಾರ್ ಮಟ್ಟದವರಿಗೆ ಮೆರಿಟೋರಿಯಸ್ ಸರ್ವೀಸ್ ಮೆಡಲ್ ಇದೆ. ಇವು ಪತ್ರಿಕೆಯ ಮುಖಪುಟಕ್ಕೆ ಬರುವುದು ಕಡಿಮೆ. ಲೆಡ್ಜರ್ ತಾಳೆಯಾಯಿತು ಅನ್ನುವುದು ಸುದ್ದಿಯಾಗುವುದಾದರೂ ಹೇಗೆ ಹೇಳಿ!

ಇನ್ನು, ಹಮೀದ್ ಒಡೆದ ಟ್ಯಾಂಕ್ ಎಷ್ಟು ಎಂದು ಕೇಳುವವರೂ ಇದ್ದಾರೆ. ಏಳು, ಎಂಟು ಎಂಬ ಲೆಕ್ಕವನ್ನು ನೀವೂ ಕೇಳಿರಬಹುದು. ಪ್ರಶಸ್ತಿಯ ಜೊತೆಗಿನ ಅಧಿಕೃತ ವಿವರಣೆ ಸೆಪ್ಟೆಂಬರ್ 10ರ ಕಾಳಗವನ್ನು ಮಾತ್ರ ಹೇಳುತ್ತದೆ. ಅದರಲ್ಲಿ ಇರುವುದು ಒಡೆದ ಎರಡು ಟ್ಯಾಂಕ್, ಗುರಿಯಿಟ್ಟ ಇನ್ನೊಂದು. ರೇಶನ್ನಿನ ಸುದ್ದಿ ಅಲ್ಲಿ ಎಲ್ಲೂ ಇಲ್ಲ. ಆದರೂ ಅವರನ್ನು ಕರೆದಿರುವುದು ಕಂಪನಿ ಕ್ವಾರ್ಟರ್‌ಮಾಸ್ಟರ್ ಹವಿಲ್ದಾರ್ ಎಂದೇ.