ನೆಟ್‌ವರ್ಕ್ ಎಫೆಕ್ಟ್: ಜನ ಜಾಸ್ತಿ ಇದ್ದ ಮಾತ್ರಕ್ಕೆ ಅದಲ್ಲ

ಯಾವುದೋ ಆ್ಯಪ್‌ಗೆ ಜನ ಜಾಸ್ತಿ ಆದರೆ ಸಾಕು, 'ನೆಟ್‌ವರ್ಕ್ ಎಫೆಕ್ಟ್' ಎಂದು ಬರೆದುಬಿಡುತ್ತಾರೆ. ಸಿನಿಮಾ ಬಾಯಿಂದ ಬಾಯಿಗೆ ಹಬ್ಬಿ ಓಡಿದರೂ ಅದೇ ಮಾತು. ದೊಡ್ಡ ದೊಡ್ಡ ಗೋದಾಮು ಕಟ್ಟಿ ಅಗ್ಗಕ್ಕೆ ಮಾರುವ ಕಂಪನಿ ಗೆದ್ದರೂ ಅದೇ ಮಾತು. ಸಿನಿಮಾದ್ದು ಬರೀ ಪ್ರಚಾರ. ಗೋದಾಮಿನದ್ದು ಖರ್ಚಿನ ಲೆಕ್ಕ. ಆ್ಯಪ್‌ನದ್ದು ಇರಬಹುದು, ಇಲ್ಲದೆಯೂ ಇರಬಹುದು. ನೋಡಿ ಹೇಳಬೇಕು.

ನೋಡುವುದು ಹೇಗೆ? ಉಳಿದವರೆಲ್ಲ ನಾಳೆ ಬಿಟ್ಟುಹೋದರೆ ನನ್ನ ಕೈಲಿರುವುದು ಕೆಲಸಕ್ಕೆ ಬರುತ್ತದಾ ಎಂದು ಕೇಳಿಕೊಳ್ಳಿ. ಫೋಟೋ ತಿದ್ದುವ ಆ್ಯಪನ್ನು ಕೋಟಿ ಜನ ಬಿಟ್ಟರೂ ಅದು ನನ್ನ ಫೋಟೋ ತಿದ್ದುತ್ತಲೇ ಇರುತ್ತದೆ. ಮೆಸೇಜ್ ಆ್ಯಪ್‌ನಲ್ಲಿ ಒಬ್ಬನೇ ಉಳಿದರೆ ಯಾರಿಗೆ ಕಳಿಸುವುದು? ಹೊಸಬರು ಸೇರಿದಾಗ ಆಗಲೇ ಇರುವವರಿಗೂ ಉಪಯೋಗ ಹೆಚ್ಚಬೇಕು. ಆಗ ಮಾತ್ರ ಅದು ನೆಟ್‌ವರ್ಕ್ ಎಫೆಕ್ಟ್.

ಅತಿ ಹೆಚ್ಚು ಗೊಂದಲ ಆಗುವುದು ಗೋದಾಮಿನ ಉದಾಹರಣೆಯಲ್ಲೇ. ಹೆಚ್ಚು ತಯಾರಿಸಿದಷ್ಟೂ ಒಂದೊಂದರ ಖರ್ಚು ಇಳಿಯುವುದು ಮಾರುವವನಿಗೆ ಸಿಗುವ ಲಾಭ. ಸಿಮೆಂಟಿನಲ್ಲೂ ಅದಿದೆ, ಉಕ್ಕಿನಲ್ಲೂ ಇದೆ. ಆದರೆ ಬೇರೆಯವರು ಅದೇ ಸಿಮೆಂಟ್ ಕೊಂಡರೆ ನನ್ನ ಗೋಡೆ ಗಟ್ಟಿ ಆಗುವುದಿಲ್ಲ, ಅಲ್ವಾ? ನೆಟ್‌ವರ್ಕ್ ಎಫೆಕ್ಟ್ ಇರುವುದು ಕೊಳ್ಳುವವನ ಕಡೆ. ಒಂದೇ ಕಂಪನಿಗೆ ಎರಡೂ ಇರಬಹುದು. ಹಾಗಂತ ಎರಡೂ ಒಂದೇ ಆಗುವುದಿಲ್ಲ.

ಈ ವಿಚಾರಕ್ಕೆ ಲೆಕ್ಕದ ರೂಪ ಕೊಟ್ಟವರಲ್ಲಿ ಮೊದಲಿಗರು ಅಮೆರಿಕದ ಫೋನ್ ಕಂಪನಿಯ ಸಂಶೋಧನಾ ಕೇಂದ್ರ ಬೆಲ್ ಲ್ಯಾಬ್ಸ್‌ನ ಜೆಫ್ರಿ ರೋಲ್ಫ್ಸ್. 1974ರ ಅವರ ಲೇಖನ ಇದ್ದದ್ದು ಫೋನಿನಂಥ ಸೇವೆಗಳ ಬಗ್ಗೆ. 1985ರಲ್ಲಿ ಅರ್ಥಶಾಸ್ತ್ರಜ್ಞರಾದ ಮೈಕಲ್ ಕಾಟ್ಜ್ ಮತ್ತು ಕಾರ್ಲ್ ಶಪಿರೊ ಒಂದು ಹೆಜ್ಜೆ ಮುಂದೆ ಹೋದರು. ಯಾವುದು ಗೆಲ್ಲುತ್ತದೆ ಎಂದು ಜನ ನಂಬುತ್ತಾರೋ ಅದನ್ನೇ ಕೊಳ್ಳುತ್ತಾರೆ, ಕೊನೆಗೆ ಅದೇ ಗೆದ್ದುಬಿಡಬಹುದು ಎಂದು ತೋರಿಸಿದರು. ಇನ್ನೊಂದು ಮಾತನ್ನೂ ಹೇಳಿದರು: ಆಗಲೇ ಹೆಚ್ಚು ಗ್ರಾಹಕರಿರುವ ಕಂಪನಿ ಬೇರೆಯವರ ಜೊತೆ ಹೊಂದಿಕೊಳ್ಳಲು, ಅಂದರೆ ತನ್ನದು ಅವರದ್ದರ ಜೊತೆ ಸೇರಿ ಕೆಲಸ ಮಾಡುವಂತೆ ಮಾಡಲು, ಸಾಮಾನ್ಯವಾಗಿ ಒಪ್ಪುವುದಿಲ್ಲ, ಸಣ್ಣದು ಒಪ್ಪುತ್ತದೆ. ನನ್ನ ಪ್ರಕಾರ ಆ ಲೇಖನದಲ್ಲಿ ಎಲ್ಲರಿಗೂ ಕಲಿಸಬೇಕಾದ ಮಾತು ಇದೇ. ಇಬ್ಬರೂ ಪಾಠದ ಕೋಣೆಯಲ್ಲೇ ಉಳಿಯಲಿಲ್ಲ. ಮುಂದೆ ಅಮೆರಿಕದ ನ್ಯಾಯ ಇಲಾಖೆಯ ಆ್ಯಂಟಿಟ್ರಸ್ಟ್ (ಏಕಸ್ವಾಮ್ಯ ತಡೆಯುವ) ವಿಭಾಗದಲ್ಲಿ ಆರ್ಥಿಕ ವಿಶ್ಲೇಷಣೆಯ ಹೊಣೆ ಹೊತ್ತರು.

ಹೊಂದಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದು ಅಮೆರಿಕದಲ್ಲಿ ನೂರು ವರ್ಷದ ಹಿಂದೆಯೇ ಕಂಡಿತ್ತು. ಬೆಲ್ ಕಂಪನಿಯ ಮೂಲ ಪೇಟೆಂಟುಗಳು 1893-94ರಲ್ಲಿ ಮುಗಿದವು. ಸಾವಿರಾರು ಸಣ್ಣ ಫೋನ್ ಕಂಪನಿಗಳು ಹುಟ್ಟಿಕೊಂಡವು. ಎಷ್ಟೋ ಊರುಗಳಲ್ಲಿ ಎರಡೆರಡು ಕಂಪನಿ, ಒಂದರ ಫೋನಿಂದ ಇನ್ನೊಂದಕ್ಕೆ ಕರೆ ಹೋಗುವುದಿಲ್ಲ. ವ್ಯಾಪಾರಸ್ಥರು ಅಂಗಡಿಯಲ್ಲಿ ಎರಡು ಫೋನ್ ಇಟ್ಟುಕೊಂಡು, ಎರಡಕ್ಕೂ ಬಾಡಿಗೆ ಕಟ್ಟುತ್ತಿದ್ದರು. 1913ರಲ್ಲಿ ಸರ್ಕಾರದ ಒತ್ತಡಕ್ಕೆ ಮಣಿದು, ತನ್ನ ದೂರದೂರಿನ ಲೈನುಗಳಿಗೆ ಸಣ್ಣ ಕಂಪನಿಗಳನ್ನೂ ಸೇರಿಸಿಕೊಳ್ಳಲು ಬೆಲ್ ಕಂಪನಿಗಳ ಒಡೆಯ ಎಟಿ ಆ್ಯಂಡ್ ಟಿ ಒಪ್ಪಿತು. ಇವತ್ತು ಒಂದೇ ಫೋನಿನಲ್ಲಿ ಎರಡು ಮೂರು ಮೆಸೇಜ್ ಆ್ಯಪ್ ಇಟ್ಟುಕೊಳ್ಳುತ್ತೇವಲ್ಲ, ಕಾರಣ ಆ ಎರಡು ಫೋನಿನದ್ದೇ: ಒಂದರಿಂದ ಇನ್ನೊಂದಕ್ಕೆ ಹೋಗುವುದಿಲ್ಲ.

ಪದ ತಪ್ಪಾದರೆ ಏನು ಮಹಾ ಎನ್ನುವವರಿಗೆ ಇಲ್ಲೇ ಉತ್ತರ ಇದೆ. ಕಡಿಮೆ ಖರ್ಚಿನ ಬಲದಿಂದ ಬೆಳೆದ ಕಂಪನಿಗೆ 'ಬೇರೆಯವರ ಜೊತೆ ಸಂಪರ್ಕ ಕೊಡು' ಎಂದರೆ ಏನೂ ಬದಲಾಗದು. ನೆಟ್‌ವರ್ಕ್ ಬಲದಿಂದ ಬೆಳೆದದ್ದಕ್ಕೆ ಹಾಗೆ ಹೇಳಿದರೆ ಅದರ ಕೋಟೆಯ ಬಾಗಿಲೇ ತೆರೆಯುತ್ತದೆ. ಯುರೋಪಿಯನ್ ಒಕ್ಕೂಟದ 2022ರ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ದೊಡ್ಡ ಮೆಸೇಜ್ ಸೇವೆಗಳಿಗೆ ಹೇಳಿದ್ದು ಇದನ್ನೇ: ಕೇಳಿದ ಪ್ರತಿಸ್ಪರ್ಧಿಗೆ ಸಂಪರ್ಕ ಕೊಡಿ. ವಾಟ್ಸಾಪ್ ಆ ಪಟ್ಟಿಯಲ್ಲಿದೆ.

ಬಳಸುವವರು ನೇರವಾಗಿ ಮಾತಾಡದಿದ್ದರೂ ಈ ಎಫೆಕ್ಟ್ ಇರಬಹುದು. ವಿಂಡೋಸ್ ಬಳಸುವವರು ಹೆಚ್ಚಿದ್ದಾರೆಂದು ಪ್ರೋಗ್ರಾಂ ಬರೆಯುವವರು ಅದಕ್ಕೇ ಬರೆದರು, ಪ್ರೋಗ್ರಾಂಗಳು ಹೆಚ್ಚಿವೆಯೆಂದು ಇನ್ನಷ್ಟು ಜನ ಅದನ್ನೇ ಕೊಂಡರು. ಹೊಸ ಆಪರೇಟಿಂಗ್ ಸಿಸ್ಟಂ ಒಳಗೆ ಬರದಂತೆ ತಡೆದ ಗೋಡೆ ಇದೇ ಎಂದು ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ 1999ರಲ್ಲಿ ನ್ಯಾಯಾಧೀಶರು ದಾಖಲಿಸಿದರು.

'ನೆಟ್‌ವರ್ಕ್ ಎಫೆಕ್ಟ್ ಇದೆ, ಇನ್ನು ಇವರನ್ನು ಯಾರೂ ಅಲುಗಾಡಿಸಲಾರರು' ಎಂಬುದೂ ಸುಮ್ನೆ ಮಾತು. ಒಂದು ಕಾಲದ ಜನಪ್ರಿಯ ಸೋಷಿಯಲ್ ಮೀಡಿಯಾ ತಾಣ ಮೈಸ್ಪೇಸನ್ನು ಮಾಧ್ಯಮ ಕಂಪನಿ ನ್ಯೂಸ್ ಕಾರ್ಪ್ 2005ರಲ್ಲಿ ಕೊಂಡದ್ದು 58 ಕೋಟಿ ಡಾಲರಿಗೆ. ಸ್ನೇಹಿತರು ಫೇಸ್‌ಬುಕ್ಕಿಗೆ ಹೋದಂತೆ ಉಳಿದವರಿಗೆ ಅಲ್ಲಿ ಇರಲು ಕಾರಣವೇ ಕಡಿಮೆಯಾಗುತ್ತಾ ಬಂತು. 2011ರಲ್ಲಿ ಅದನ್ನು ಮಾರಿದ್ದು ಸುಮಾರು 3.5 ಕೋಟಿ ಡಾಲರಿಗೆ.