ರೂಟರ್‌ನ ಪೋರ್ಟ್‌ಗಳು: ಒಳಗಿನಿಂದ ಒಂದು, ಹೊರಗಿನಿಂದ ಇನ್ನೊಂದು

ಇಲ್ಲಿ ಪೋರ್ಟ್ ಎಂದರೆ ರೂಟರ್ ಹಿಂದೆ ಕೇಬಲ್ ಸಿಕ್ಕಿಸುವ ಜಾಗವಲ್ಲ, ಒಂದು ಸಂಖ್ಯೆ. ಜಾಲದಲ್ಲಿ ಹರಿಯುವ ದತ್ತಾಂಶದ ತುಣುಕು, ಅಂದರೆ ಪ್ಯಾಕೆಟ್, ಯಾವ ಸಾಧನಕ್ಕೆ ಹೋಗಬೇಕು ಎಂಬುದನ್ನು ಐಪಿ ವಿಳಾಸ ಹೇಳುತ್ತದೆ. ಆ ಸಾಧನದಲ್ಲಿ ಯಾವ ಪ್ರೋಗ್ರಾಂ ಅದನ್ನು ತೆಗೆದುಕೊಳ್ಳಬೇಕು ಎಂಬುದನ್ನು ಪೋರ್ಟ್ ಸಂಖ್ಯೆ ಹೇಳುತ್ತದೆ. 16 ಬಿಟ್ ಸಂಖ್ಯೆಯಾದ್ದರಿಂದ 0ಯಿಂದ 65535ರವರೆಗೆ ಇರುತ್ತದೆ. ದತ್ತಾಂಶ ಸಾಗಿಸುವ ವಿಧಾನಗಳಲ್ಲಿ ಟಿಸಿಪಿಗೆ ಒಂದು ಸಾಲು, ಯುಡಿಪಿಗೆ ಬೇರೆಯೇ ಒಂದು ಸಾಲು.

ಪೋರ್ಟ್ ‘ತೆರೆದಿದೆ’ ಎಂದರೆ ಆ ಸಂಖ್ಯೆಯಲ್ಲಿ ಒಂದು ಪ್ರೋಗ್ರಾಂ ಕಿವಿಗೊಟ್ಟು ಕೂತಿದೆ ಎಂದರ್ಥ. ಅಪಾಯ ಇರುವುದು ಆ ಪ್ರೋಗ್ರಾಂನಲ್ಲಿ: ಅದರ ಪಾಸ್‌ವರ್ಡ್ ದುರ್ಬಲವಾಗಿರಬಹುದು, ಕೋಡ್‌ನಲ್ಲಿ ದೋಷ ಇರಬಹುದು. ಅದಕ್ಕೇ ಸಂಖ್ಯೆಗಳ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ, ತೆರೆದ ಪ್ರತಿ ಪೋರ್ಟ್‌ನ ಎದುರು ‘ಇದನ್ನು ತೆರೆದವರು ಯಾರು, ಹಿಂದೆ ಕೂತಿರುವವರು ಯಾರು’ ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತುಂಬ ಜನ ಎಡವುವ ಒಂದು ಜಾಗ ಇದೆ. ‘443 ಮುಚ್ಚಿದರೆ ವೆಬ್‌ಸೈಟ್ ತೆರೆಯುವುದು ಹೇಗೆ?’ ಎಂಬ ಭಯ. ಸುರಕ್ಷಿತ ವೆಬ್ ಪುಟಗಳ ಪೋರ್ಟ್ ಆದ 443 ತೆರೆದಿರಬೇಕಾದದ್ದು ಆ ವೆಬ್‌ಸೈಟ್‌ನ ಸರ್ವರ್‌ನಲ್ಲಿ. ನಮ್ಮ ಬ್ರೌಸರ್ ಯಾವುದೋ ತಾತ್ಕಾಲಿಕ ದೊಡ್ಡ ಸಂಖ್ಯೆಯಿಂದ ಹೊರಡುತ್ತದೆ, ರೂಟರ್ ಅದನ್ನು ತನ್ನ ನ್ಯಾಟ್ (ಒಳಗಿನ ವಿಳಾಸಗಳನ್ನು ಹೊರ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ) ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳುತ್ತದೆ, ಉತ್ತರ ಬಂದಾಗ ತಾಳೆ ನೋಡಿ ಒಳಗೆ ಬಿಡುತ್ತದೆ. ಕೇಳದೇ ಬಂದ ಪ್ಯಾಕೆಟ್ ಅಲ್ಲೇ ಬಿದ್ದುಹೋಗುತ್ತದೆ. ಜಾಲತಾಣ ನೋಡುವುದು, ವಿಡಿಯೋ, ಸಾಮಾನ್ಯ ಕರೆ, ಇದ್ಯಾವುದಕ್ಕೂ ಹೊರಗಿನಿಂದ ಒಳಕ್ಕೆ ಒಂದು ಪೋರ್ಟನ್ನೂ ತೆರೆದಿಡಬೇಕಿಲ್ಲ.

ಹಾಗಾದರೆ ಪೋರ್ಟ್ ತೆರೆದುಕೊಳ್ಳುವುದು ಎಲ್ಲಿಂದ? ಒಂದೋ ರೂಟರ್‌ನದೇ ಸೇವೆಗಳು: 80ರಲ್ಲಿ ಆಡಳಿತದ ಪುಟ, 22ರಲ್ಲಿ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್, 23ರಲ್ಲಿ ಅದೇ ಕೆಲಸದ ಹಳೆಯ ಟೆಲ್‌ನೆಟ್. ಇಲ್ಲವೇ ನಾವೇ ಬರೆದ ಪೋರ್ಟ್ ಫಾರ್ವರ್ಡಿಂಗ್ ನಿಯಮ, ಅಂದರೆ ಹೊರಗಿನಿಂದ ಬಂದದ್ದನ್ನು ಒಳಗಿನ ಒಂದು ಸಾಧನಕ್ಕೆ ದಾಟಿಸು ಎಂಬ ಸೂಚನೆ. ಅದೂ ಅಲ್ಲದಿದ್ದರೆ ಯುಪಿಎನ್‌ಪಿ. ನನಗೆ ಹೆಚ್ಚು ಕಳವಳ ಈ ಮೂರನೆಯದರ ಬಗ್ಗೆ. ಒಳಗಿರುವ ಕ್ಯಾಮೆರಾ, ಗೇಮ್ ಸಾಧನ, ಯಾವುದೋ ಆ್ಯಪ್, ಯಾವುದು ಬೇಕಾದರೂ ಪಾಸ್‌ವರ್ಡ್ ಇಲ್ಲದೆಯೇ ‘ನನಗೊಂದು ಪೋರ್ಟ್ ತೆರೆ’ ಎನ್ನಬಹುದು, ರೂಟರ್ ತೆರೆದುಬಿಡುತ್ತದೆ. ಮನೆಯವರಿಗೆ ಸುಳಿವೂ ಸಿಗುವುದಿಲ್ಲ. ಅದನ್ನು ಆಫ್ ಮಾಡಿ, ಒಂದು ವಾರ ಬಳಸಿ ನೋಡಿ. ಏನಾದರೂ ನಿಂತರೆ ಅದೊಂದಕ್ಕೆ ಮಾತ್ರ ಕೈಯಾರೆ ನಿಯಮ ಬರೆಯಿರಿ.

2016ರಲ್ಲಿ ಮಿರಾಯ್ ಎಂಬ ದುರುದ್ದೇಶದ ತಂತ್ರಾಂಶ ಹರಡಿದ್ದು 23 ಮತ್ತು 2323ರ ಟೆಲ್‌ನೆಟ್ ಮೂಲಕ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್‌ಗಳನ್ನೇ ಒಂದೊಂದಾಗಿ ಹಾಕಿ ನೋಡಿ. ಅದೇ ವರ್ಷದ ನವೆಂಬರ್‌ನಲ್ಲಿ ಅದರ ಒಂದು ರೂಪಾಂತರ 7547ನೇ ಪೋರ್ಟ್ ಬಡಿಯುತ್ತಾ ಹೋದಾಗ ಜರ್ಮನಿಯಲ್ಲಿ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕಕ್ಕೆ ತೊಂದರೆಯಾಯಿತು. 7547 ಇರುವುದು ಸೇವಾದಾರರು ದೂರದಿಂದ ರೂಟರ್ ನಿರ್ವಹಿಸಲು. ಅದು ತೆರೆದಿದ್ದು, ಸೆಟ್ಟಿಂಗ್‌ನಲ್ಲಿ ಮುಚ್ಚಲು ಬರದಿದ್ದರೆ, ತಮ್ಮ ಸರ್ವರ್‌ಗಳಿಗೆ ಮಾತ್ರ ಸೀಮಿತ ಮಾಡಿ ಎಂದು ಅವರನ್ನೇ ಕೇಳಬೇಕು.

ಈಗ ಪರೀಕ್ಷೆ. ಮನೆಯ ವೈಫೈನಲ್ಲಿದ್ದುಕೊಂಡು ಪೋರ್ಟ್‌ಗಳನ್ನು ಪರೀಕ್ಷಿಸುವ ಎನ್‌ಮ್ಯಾಪ್‌ನಿಂದ ರೂಟರ್‌ನ ಒಳ ವಿಳಾಸ 192.168.1.1 ಅನ್ನು ಸ್ಕ್ಯಾನ್ ಮಾಡಿದಾಗ ನನಗೆ 53 ಮತ್ತು 80 ತೆರೆದಂತೆ ಕಂಡವು. ಗಾಬರಿಯಾಗಬೇಕಿಲ್ಲ: ಒಂದು ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್, ಇನ್ನೊಂದು ಆಡಳಿತದ ಪುಟ, ಎರಡೂ ಒಳಗಿನವರಿಗಾಗಿಯೇ ಇವೆ. ಆಮೇಲೆ ಲ್ಯಾಪ್‌ಟಾಪನ್ನು ಫೋನಿನ ಮೊಬೈಲ್ ಡೇಟಾಗೆ ಜೋಡಿಸಿ, ಮನೆಯ ಹೊರ ವಿಳಾಸವನ್ನು ಸ್ಕ್ಯಾನ್ ಮಾಡಿದೆ. ಎಲ್ಲವೂ ‘ಫಿಲ್ಟರ್ಡ್’, ಅಂದರೆ ಉತ್ತರವೇ ಇಲ್ಲ. 554 ಮಾತ್ರ ‘ಕ್ಲೋಸ್ಡ್’.

ಮುಚ್ಚಿದೆಯಲ್ಲ, ಸರಿ ಎಂದು ಮುಂದೆ ಹೋಗುವ ಸಾಲು ಅದು. ಆದರೆ ‘ಮುಚ್ಚಿದೆ’ ಎಂದು ಯಾರೋ ಉತ್ತರ ಕೊಟ್ಟಿದ್ದಾರೆ ತಾನೇ? ಉಳಿದ ಪೋರ್ಟ್‌ಗಳು ಮೌನವಾಗಿರುವಾಗ ಇದೊಂದೇ ಏಕೆ ಮಾತಾಡಿತು? ಫಾರ್ವರ್ಡಿಂಗ್ ಪುಟ ತೆರೆದರೆ ಕಾರಣ ಅಲ್ಲೇ ಇತ್ತು. 554 ಎಂದರೆ ಕ್ಯಾಮೆರಾದ ವಿಡಿಯೋ ಹರಿಯುವ ಪೋರ್ಟ್. ಎಂದೋ ಕಳಚಿಟ್ಟ ಕ್ಯಾಮೆರಾಗೆ ಬರೆದ ನಿಯಮ ಇನ್ನೂ 192.168.1.34ಕ್ಕೆ ಪ್ಯಾಕೆಟ್ ಕಳಿಸುತ್ತಲೇ ಇತ್ತು. ಒಳಗಿನ ವಿಳಾಸಗಳನ್ನು ಹಂಚುವ ಡಿಎಚ್‌ಸಿಪಿ ಆ ವಿಳಾಸವನ್ನು ಬೇರೊಂದು ಕಂಪ್ಯೂಟರ್‌ಗೆ ಕೊಟ್ಟಾಗಿತ್ತು. ಅದರಲ್ಲಿ 554ರಲ್ಲಿ ಯಾರೂ ಕೂತಿರಲಿಲ್ಲ, ಹಾಗಾಗಿ ಅದು ‘ಇಲ್ಲ’ ಎಂದಿತು. ನಾಳೆ ಅಲ್ಲಿ ಒಂದು ಪ್ರೋಗ್ರಾಂ ಅದೇ ಸಂಖ್ಯೆಯಲ್ಲಿ ಎದ್ದಿದ್ದರೆ ನೇರ ಅಂತರ್ಜಾಲಕ್ಕೆ ತೆರೆದುಕೊಳ್ಳುತ್ತಿತ್ತು. ನಿಯಮ ಅಳಿಸಿ ಮತ್ತೆ ಸ್ಕ್ಯಾನ್ ಮಾಡಿದೆ. 554 ಕೂಡ ಮೌನವಾಯಿತು.

ಹೊರಗಿನ ಸ್ಕ್ಯಾನ್‌ಗೆ ಮೊದಲು ರೂಟರ್‌ನ ಸ್ಥಿತಿ ಪುಟದಲ್ಲಿ ವ್ಯಾನ್ (ಸೇವಾದಾರರ ಕಡೆಯ) ವಿಳಾಸ ನೋಡಿಕೊಳ್ಳಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಸೇವಾದಾರರು ಒಂದೇ ಹೊರ ವಿಳಾಸವನ್ನು ಹಲವರಿಗೆ ಹಂಚಿದ್ದಾರೆ. ಆಗ ನೀವು ಹೊರಗಿನಿಂದ ತಟ್ಟುವುದು ಅವರ ಉಪಕರಣದ ಬಾಗಿಲನ್ನು. ಅದು ನಿಮ್ಮದಲ್ಲ, ಅದನ್ನು ಸ್ಕ್ಯಾನ್ ಮಾಡಲೂಬಾರದು. ಇನ್ನೊಂದು ಮಾತು: ಎನ್‌ಮ್ಯಾಪ್ ತಾನಾಗಿ ನೋಡುವುದು ಸಾಮಾನ್ಯವಾಗಿ ಬಳಕೆಯಲ್ಲಿರುವ 1000 ಟಿಸಿಪಿ ಪೋರ್ಟ್‌ಗಳನ್ನಷ್ಟೇ. ಪೂರ್ತಿ ಸಾಲು ಬೇಕೆಂದರೆ, ಯುಡಿಪಿ ಬೇಕೆಂದರೆ, ಬೇರೆಯಾಗಿ ಹೇಳಬೇಕು. ಯುಡಿಪಿ ಸ್ಕ್ಯಾನ್ ತುಂಬ ನಿಧಾನ.

ಪೋರ್ಟ್ ಸಂಖ್ಯೆ ಬದಲಿಸಿದರೆ ಸಾಕೇ ಎಂದು ಕೇಳುವವರಿದ್ದಾರೆ. 22ರ ಬದಲು 2222 ಇಟ್ಟರೆ ಬಡಿಯುವವರು ಕಡಿಮೆಯಾಗಬಹುದು, ಬೀಗವೇನೂ ಗಟ್ಟಿಯಾಗುವುದಿಲ್ಲ. ಹೊರಗಿನಿಂದ ಮನೆಯ ಸಾಧನ ತಲುಪಲೇಬೇಕು ಎಂದರೆ ನಾನು ವಿಪಿಎನ್‌ಗೇ, ಅಂದರೆ ಗೂಢಲಿಪಿಯ ಖಾಸಗಿ ಸುರಂಗಕ್ಕೇ ಒತ್ತು ಕೊಡುತ್ತೇನೆ. ವೈರ್‌ಗಾರ್ಡ್ ಎಂಬ ವಿಪಿಎನ್‌ಗೆ ಒಂದು ಯುಡಿಪಿ ಪೋರ್ಟ್ ಸಾಕು, ಸಾಮಾನ್ಯವಾಗಿ 51820. ಸರಿಯಾದ ಕೀಲಿ ಇಲ್ಲದವರಿಗೆ ಅದು ಉತ್ತರಿಸುವುದೇ ಇಲ್ಲ.

ಕೊನೆಗೆ ಐಪಿ ವಿಳಾಸಗಳ ಹೊಸ ರೂಪವಾದ ಐಪಿವಿ6. ಅಲ್ಲಿ ಸಾಮಾನ್ಯವಾಗಿ ನ್ಯಾಟ್ ಇರುವುದಿಲ್ಲ, ಪ್ರತಿ ಸಾಧನಕ್ಕೂ ತನ್ನದೇ ಹೊರ ವಿಳಾಸ ಇರುತ್ತದೆ, ತಡೆಯುವುದು ಫೈರ್‌ವಾಲ್ ಒಂದೇ. ರೂಟರ್‌ನಲ್ಲಿ ಐಪಿವಿ6 ಫೈರ್‌ವಾಲ್ ಆನ್ ಇದೆಯೇ ಎಂದು ನೋಡಿ, ಆಮೇಲೆ ಒಂದು ಕಂಪ್ಯೂಟರ್‌ನ ಐಪಿವಿ6 ವಿಳಾಸವನ್ನೂ ಹೊರಗಿನಿಂದ ಸ್ಕ್ಯಾನ್ ಮಾಡಿ.